ಕಟ್ಟದ ನೀರೂ ಕಳೆದುಹೋದ ಒಂದು ‘ದ’ಕಾರವೂ

ಹೊಳೆನೀರಿನ ಉಪಯೋಗಕ್ಕೆ ಪರವಾನಿಗೆ ಕೊಡುವ ಅಧಿಕಾರಿಯವರಿಗೆ,
ಉಡುಪಿ.

ಈವರೆಗೂ ಮಾನ್ಯರಾಗಿಯೇ ಉಳಿದಿರುವವರೇ,

ಗುರುವಾರದ ನಂತರ ನಿಮ್ಮನ್ನು ಹೇಗೆ ಕರೆಯಬೇಕು ಎಂಬುದು ನಿಮ್ಮ ಕೈಯಲ್ಲೇ ಇದೆ. ವಿಷಯಕ್ಕೆ ಬರುತ್ತೇನೆ. ಕುಕ್ಕುಂದೂರಿನ ಆಚೆ ನಮ್ಮ ಊರಿನವರು ತಮ್ಮ ಕೈಯಾರೆ ಕಟ್ಟಿ ನಿಲ್ಲಿಸಿದ ನೀರನ್ನು ನೀವು ‘ಹೆಚ್ಚುವರಿ ನೀರು’ ಎಂದು ಬರೆದು ಸಕ್ಕರೆ ಮತ್ತು ಸ್ಪಿರಿಟ್ ಕಾರ್ಖಾನೆಗೆ ಕೊಟ್ಟಿದ್ದೀರಿ. ಅದು ಸಾಲದೆಂದು ನಮ್ಮ ಗದ್ದೆಗೆ ಹೋಗುವ ತೋಡಿನ ತೂಬು ಮುಚ್ಚಿಸಿದ್ದೀರಿ. ಈಗ ಕಟ್ಟವನ್ನು ಏಳು ದಿನದೊಳಗೆ ಮತ್ತೆ ಕಟ್ಟಿಕೊಡದಿದ್ದರೆ ಶೀನ ಪೂಜಾರಿ ಎಂಬವರ ಮೇಲೆ ಮೊಕದ್ದಮೆ ಹೂಡುವುದಾಗಿ ನೋಟೀಸು ಅಂಟಿಸಿ ಹೋಗಿದ್ದೀರಿ. ಈ ಮೂರು ಆದೇಶಗಳೂ ನಿಂತಿರುವುದು ಒಂದು ಬಿಟ್ಟುಹೋದ ಅಕ್ಷರದ ಮೇಲೆ. ಆ ಅಕ್ಷರ ಬಿಟ್ಟ ಕಾಗದದ ಕೆಳಗೆ ಸಾಕ್ಷಿ ನಂಬ್ರ ಒಂದು ಎಂದು ಇರುವ ಸಹಿ ನನ್ನದು. ಆದ್ದರಿಂದ ಈ ಪತ್ರ ಬರೆಯುವ ಹಕ್ಕು ಈ ಜಿಲ್ಲೆಯಲ್ಲಿ ನನಗಿಂತ ಹೆಚ್ಚು ಯಾರಿಗೂ ಇಲ್ಲ.

ಕಟ್ಟದ ನೀರಿನ ವಿಷಯ, ಆ ಅಕ್ಷರ ಬಿಟ್ಟದ್ದು ಕಣ್ಣಿಗೆ ಬೀಳುವ ಮೊದಲೇ, ಕಳೆದ ವರ್ಷದಿಂದ ನಿಮಗೆ ಮೂರು ಸಲ ಬರೆದಿದ್ದೇನೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ‘ಪರಿಶೀಲನೆಯಲ್ಲಿದೆ’ ಎಂದು ಬಂತು. ಮೂರನೆಯದಕ್ಕೂ ‘ಪರಿಶೀಲನೆಯಲ್ಲಿದೆ’ ಎಂದೇ ಬಂತು, ಆದರೆ ಅದರಲ್ಲಿ ಪರಿಶೀಲನೆ ಎಂಬಲ್ಲಿ ‘ಶೀ’ ಹ್ರಸ್ವವಾಗಿತ್ತು. ಇನ್ನೊಂದು ಪತ್ರ ಬರೆದರೆ ಆ ಪದವೇ ಪೂರ್ತಿ ಕರಗಿಹೋದೀತು ಎಂದು ಹೆದರಿ ಈ ಪತ್ರವನ್ನು ಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ.

ನಾನು ಯಾರು ಎಂದು ಕೇಳುವಿರಿ. ಮೂವತ್ತೊಂದು ವರ್ಷ ಕಾರ್ಕಳ ತಾಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮನೆಯ ಭಾಷೆ ಕೊಂಕಣಿ, ಗದ್ದೆ ಬದುವಿನ ಭಾಷೆ ತುಳು, ಅನ್ನ ಕೊಟ್ಟ ಭಾಷೆ ಕನ್ನಡ. ಮನೆಯಲ್ಲಿ ಇಲ್ಲದ ಭಾಷೆಯನ್ನು ಕಲಿತವರಿಗೆ ಅದರ ಮೇಲೆ ಸ್ವಲ್ಪ ಜಂಭ ಇರುತ್ತದೆ. ನನಗೂ ಇತ್ತು. ಒತ್ತಕ್ಷರ ಬಿಟ್ಟರೆ ಅರ್ಧ ಅಂಕ, ಪೂರ್ತಿ ಅಕ್ಷರ ಬಿಟ್ಟರೆ ಒಂದು ಅಂಕ ಕಳೆಯುತ್ತಿದ್ದೆ. ಮಕ್ಕಳು ನನ್ನನ್ನು ಹಿಂದಿನಿಂದ ಏನೆಂದು ಕರೆಯುತ್ತಿದ್ದರು ಎಂಬುದೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಕಟ್ಟ ಎಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ನಿಮ್ಮ ಕುರ್ಚಿಗೆ ಬರುವವರೆಲ್ಲ ಘಟ್ಟದ ಮೇಲಿನಿಂದ ಬರುತ್ತಾರೆ, ಮಳೆಗಾಲದ ಹೊಳೆ ನೋಡಿ ಬೆರಗಾಗುತ್ತಾರೆ, ಬೇಸಗೆಯ ಹೊಳೆ ನೋಡುವ ಮೊದಲು ವರ್ಗವಾಗಿ ಹೋಗುತ್ತಾರೆ. ಹೇಳುತ್ತೇನೆ, ಕೇಳಿ. ಮಳೆ ನಿಂತು ಹೊಳೆ ಸಣಕಲಾಗುವ ಡಿಸೆಂಬರಿನಲ್ಲಿ ಊರಿನ ಮೂವತ್ತೆರಡು ಮನೆಗಳಿಂದ ಮನೆಗೊಂದು ಆಳು ಹೊಳೆಗೆ ಇಳಿಯುತ್ತದೆ. ಎರಡು ಸಾಲು ಗೂಟ ಹೊಡೆದು, ನಡುವೆ ತೆಂಗಿನ ಮಡಲು, ಬೈಹುಲ್ಲು, ಜೇಡಿಮಣ್ಣು ತುಂಬಿ ತುಳಿಯುತ್ತಾರೆ. ಮೂರು ದಿನದ ಕೆಲಸ. ಆಳು ಕಳಿಸದ ಮನೆಗೆ ತೋಡಿನ ನೀರಿಲ್ಲ. ನಮ್ಮ ಮನೆಯಿಂದ ನನ್ನ ತಮ್ಮ ಡೊಮಿನಿಕ್ ಹೋಗುತ್ತಾನೆ. ಹೀಗೆ ನಿಲ್ಲಿಸಿದ ನೀರಿನಿಂದ ಸುಗ್ಗಿ ಬೆಳೆಯೂ ಅದರ ನಂತರದ ಕೊಳಕೆ ಬೆಳೆಯೂ ಆಗುತ್ತದೆ, ಎರಡೂ ದಡದ ಬಾವಿಗಳಲ್ಲಿ ಏಪ್ರಿಲ್‌ವರೆಗೆ ನೀರು ನಿಲ್ಲುತ್ತದೆ. ಮೇ ತಿಂಗಳ ಕೊನೆಗೆ ನಾವೇ ಅದನ್ನು ಬಿಚ್ಚುತ್ತೇವೆ. ಇದಕ್ಕೆ ಸಿಮೆಂಟಿಲ್ಲ, ಇಂಜಿನಿಯರಿಲ್ಲ, ಉದ್ಘಾಟನೆಯ ಕಲ್ಲೂ ಇಲ್ಲ. ಈ ಕೆಲಸದ ಗುರಿಕಾರ, ಎಂದರೆ ಎಲ್ಲಿ ಗೂಟ ಹೊಡೆಯಬೇಕು, ಎಷ್ಟು ತುಳಿಯಬೇಕು ಎಂದು ಹೇಳುವವ, ಇಪ್ಪತ್ತು ವರ್ಷಗಳಿಂದ ಶೀನ. ನಿಮ್ಮ ನೋಟೀಸಿನ ಆರೋಪಿ ಇವನೇ. ಅವನ ಎರಡು ಎಕರೆ ಗದ್ದೆ ಭೂಸುಧಾರಣೆಯಲ್ಲಿ ಒಕ್ಕಲು ಎಂದು ಡಿಕ್ಲರೇಶನ್ ಹಾಕಿ ಸಿಕ್ಕಿದ್ದು. ಅದಕ್ಕೆ ಮೊದಲು ಅವನ ಕಡೆಯವರು ಮೂರು ತಲೆಮಾರು ಇನ್ನೊಬ್ಬರ ಗದ್ದೆಗೆ ನೀರು ಹಾಯಿಸಿದವರು.

ಈಗ ಪಾಪದ ಕಥೆ. ಎಪ್ಪತ್ತೆಂಟನೇ ಇಸವಿ ಜನವರಿ. ಕಟ್ಟ ಕಟ್ಟಿ ಮೂರು ವಾರವಾಗಿತ್ತು, ನೀರು ತುಂಬಿ ನಿಂತಿತ್ತು. ನಿಮ್ಮ ಕಛೇರಿಯಿಂದ ಒಬ್ಬರು ಸರ್ವೆಯವರು ಸೇತುವೆಯ ಬಳಿ ಬಂದು ಇಳಿದರು. ಒಳ್ಳೆಯ ಮನುಷ್ಯ, ಬಿಸಿಲಿಗೆ ಬೆಂದುಹೋಗಿದ್ದರು, ತುಳು ಬರುತ್ತಿರಲಿಲ್ಲ. ಶೀನನಿಗೆ ಆಗ ಕನ್ನಡ ಅಷ್ಟಕ್ಕಷ್ಟೆ. ನಾನು ಶಾಲೆಯಿಂದ ಮನೆಗೆ ಹೋಗುತ್ತಿದ್ದವಳು, ಕನ್ನಡ ಪಂಡಿತೆ ನಾನಿರುವಾಗ ಬೇರೆಯವರು ಏಕೆ ಎಂದು ನಡುವೆ ಹೋಗಿ ನಿಂತೆ. ಅವರು ಕೋಲು ಇಳಿಸಿ ಅಳೆದರು, ಸೇತುವೆಯ ಕಂಬದ ಬುಡದಲ್ಲಿ ಆರು ಅಡಿ ನೀರು. ಇದು ಯಾವ ನೀರು ಎಂದು ಕೇಳಿದರು. ಸೇತುವೆಯ ಈಚೆಗೆ ಕಟ್ಟದ ನೀರು, ಕಟ್ಟದಿಂದ ಕೆಳಗೆ ಬರಿಯ ಹೊಳೆ. ಅದನ್ನು ಸ್ಪಷ್ಟಪಡಿಸಲು ನಾನು, ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ, ತರಗತಿಯಲ್ಲಿ ಉಕ್ತಲೇಖನ ಹೇಳುವ ಹಾಗೆ ಹೇಳಿದೆ.

“ಇದು ಕಟ್ಟದ ಕಡೆಯ ನೀರು.”

ಅವರು ಬರೆದುಕೊಂಡರು. ಮಹಜರು ಓದಿ ಹೇಳಿದರು. ನನಗೆ ಸರಿಯಾಗಿಯೇ ಕೇಳಿಸಿತು. ಕೈಗೆ ಕೊಟ್ಟರು, ಕಣ್ಣಾಡಿಸಿದೆ, ಸಹಿ ಹಾಕಿದೆ. ಅವರು ನೀರಿನ ಮಟ್ಟಕ್ಕೆ ಸರಿಯಾಗಿ ಕಂಬದ ಮೇಲೆ ಕೆಂಪು ಗೆರೆ ಎಳೆದರು, ಅದರ ಮೇಲೆ ಕೆಂಪು ಬಣ್ಣದಲ್ಲೇ ಬರೆದರು: ‘ಕಟ್ಟಕಡೆಯ ನೀರು’.

ಮಾನ್ಯರೇ, ಕನ್ನಡ ಬಲ್ಲ ಯಾರನ್ನಾದರೂ ಕೇಳಿ. ಕಟ್ಟಕಡೆಯ ನೀರು ಎಂದರೆ ಎಲ್ಲಕ್ಕಿಂತ ಕೊನೆಯ ನೀರು, ಇನ್ನು ಇದಕ್ಕಿಂತ ಕಡಿಮೆಯಾಗಲು ಸಾಧ್ಯವಿಲ್ಲ ಎನ್ನುವಂಥ ನೀರು. ಆದರೆ ನಾವು ಓದಿದ್ದು ಹಾಗಲ್ಲ. ನಮ್ಮ ಊರಿನಲ್ಲಿ ‘ಕಟ್ಟ’ ಎಂದ ಮೇಲೆ ಬೇರೆ ಅರ್ಥವೇ ಇಲ್ಲ. ಸರ್ಕಾರದವರು ನಮ್ಮ ಕಟ್ಟದ ಹೆಸರನ್ನು ಸೇತುವೆಯ ಕಂಬದ ಮೇಲೆ ಬರೆದುಹೋದರು ಎಂದು ಇಡೀ ಊರು ಹಿಗ್ಗಿತು. ಶೀನನ ಹೆಂಡತಿ ಅಕ್ಕು ಮರುವರ್ಷ ಕಟ್ಟ ಕಟ್ಟುವ ದಿನ ಆ ಬರಹಕ್ಕೆ ಒಂದು ದಾಸವಾಳ ಸಿಕ್ಕಿಸಿದಳು, ಆಮೇಲೆ ಅದೇ ಕ್ರಮವಾಯಿತು. ಆರು ವರ್ಷ, ದಿನಕ್ಕೆ ಎರಡು ಸಲ ನಾನು ಆ ಸೇತುವೆ ದಾಟಿದ್ದೇನೆ. ಆರು ವರ್ಷ ಅದನ್ನು ‘ಕಟ್ಟದ ಕಡೆಯ ನೀರು’ ಎಂದೇ ಓದಿದ್ದೇನೆ. ಇಲ್ಲದ ‘ದ’ವನ್ನು ಕಣ್ಣು ತಾನೇ ಸೇರಿಸಿಕೊಂಡಿತು. ನನ್ನ ವಿದ್ಯಾರ್ಥಿ ಯಾರಾದರೂ ಹೀಗೆ ಓದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ನಾವು ಹೂವಿಡುತ್ತಿದ್ದಾಗ ನಿಮ್ಮ ಕಛೇರಿ ಲೆಕ್ಕ ಹಾಕುತ್ತಿತ್ತು. ಬೇಸಗೆಯ ಕಟ್ಟಕಡೆಯ ಮಟ್ಟವೇ ಆರು ಅಡಿ ಎಂದಾದರೆ ಈ ಹೊಳೆ ಎಂಥ ಮಹಾನದಿ! ಇಷ್ಟು ನೀರು ಸುಮ್ಮನೆ ಸಮುದ್ರ ಸೇರುವುದೇ? ಎಂಬತ್ತರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಎಂಬತ್ತೆರಡರಲ್ಲಿ ಅದರ ಬಗಲಿಗೆ ಕಾಕಂಬಿಯಿಂದ ಸ್ಪಿರಿಟ್ ಇಳಿಸುವ ಬಟ್ಟಿ ಬಂತು. ಎರಡಕ್ಕೂ ಪಂಪ್ ಹೌಸ್ ಸೇತುವೆಯಿಂದ ಕೂಗಳತೆಯಲ್ಲಿ, ನಮ್ಮ ಕಟ್ಟದ ನೀರಿಗೇ ಬಾಯಿ ಹಾಕಿ ಕುಳಿತಿದೆ. ಕಾರ್ಖಾನೆ ಬಂದಾಗ ನಾವು ವಿರೋಧಿಸಲಿಲ್ಲ ಎಂದು ನನ್ನ ಎರಡನೆಯ ಪತ್ರದ ಉತ್ತರದಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬುದರ ಕೆಳಗೆ ಬರೆದಿದ್ದಿರಿ. ಹೌದು, ವಿರೋಧಿಸಲಿಲ್ಲ. ಊರಿನ ಹತ್ತಾರು ಮಂದಿಗೆ ಕೆಲಸ ಸಿಕ್ಕಿತು, ಸಂತೋಷವೇ ಆಯಿತು. ಮನೆಗೆ ಬಂದವರು ಒಂದು ಲೋಟ ನೀರು ಕೇಳಿದರೆ ಇಲ್ಲ ಎನ್ನುವ ಕ್ರಮ ನಮ್ಮಲ್ಲಿಲ್ಲ. ಬಾವಿಯನ್ನೇ ಬರೆಸಿಕೊಂಡು ಹೋಗುತ್ತಾರೆ ಎಂದು ಯಾರಿಗೆ ಗೊತ್ತಿತ್ತು?

ಕಬ್ಬು ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಬರುತ್ತದೆ. ಆ ಕಾರ್ಖಾನೆಯಲ್ಲೇ ಕೆಲಸ ಮಾಡುವ ನನ್ನ ಒಬ್ಬ ಹಳೆಯ ವಿದ್ಯಾರ್ಥಿ ನನಗೆ ಕೆಲವು ವಿಷಯ ವಿವರಿಸಿದ. ಅವನ ಹೆಸರು ಹುಡುಕಬೇಡಿ. ನಾನು ಕಲಿಸಿದವರು ಸಾವಿರಕ್ಕೂ ಮೇಲಿದ್ದಾರೆ, ಅಷ್ಟು ಮಂದಿಯನ್ನು ವಿಚಾರಣೆ ಮಾಡುವಷ್ಟರಲ್ಲಿ ನೀವು ನಿವೃತ್ತರಾಗುತ್ತೀರಿ. ಕಬ್ಬಿನಲ್ಲಿ ಮುಕ್ಕಾಲು ಪಾಲು ಇರುವುದು ನೀರೇ ಎಂದ ಅವನು. ರಸ ಕಾಯಿಸುವಾಗ ಆ ನೀರೆಲ್ಲ ಹಬೆಯಾಗಿ ಏಳುತ್ತದೆ, ಅದನ್ನು ತಣಿಸಿ ಹಿಡಿದಿಟ್ಟುಕೊಂಡರೆ ಸಕ್ಕರೆ ಮಾಡುವುದಕ್ಕೆ ಹೊರಗಿನ ನೀರು ಬಹಳ ಕಡಿಮೆ ಸಾಕಾಗುತ್ತದೆ. ತಣಿಸಲು ಬಳಸಿದ ನೀರನ್ನೂ ಆರಿಸಿ ಮತ್ತೆ ಬಳಸಬಹುದು, ಅದಕ್ಕೊಂದು ದೊಡ್ಡ ಕೊಳ ಬೇಕು ಅಷ್ಟೆ. ಹಾಗಾದರೆ ಇವರೇಕೆ ಮಾಡುವುದಿಲ್ಲ ಎಂದು ಕೇಳಿದೆ. “ಹೊಳೆ ಉಂಟಲ್ಲ ಟೀಚರ್” ಎಂದ. ಹೊಳೆಯನ್ನು ಪುಕ್ಕಟೆ ಕೊಟ್ಟ ಮೇಲೆ ಕೊಳ ತೋಡುವ ಕಷ್ಟ ಯಾರಿಗೆ ಬೇಕು? ನೀರಿಗೆ ನಿಯಮ ಮಾಡುವ ನೀವು ಆ ಕೊಳವನ್ನು ಒಂದು ಷರತ್ತಾಗಿ ಬರೆದಿದ್ದರೆ ಇವತ್ತು ನಾನು ಈ ಪತ್ರ ಬರೆಯುತ್ತಿರಲಿಲ್ಲ, ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದೆ.

ಇನ್ನು ಬಟ್ಟಿಯ ವಿಚಾರ. ಒಂದು ಲೀಟರು ಸ್ಪಿರಿಟ್ ಇಳಿದರೆ ಹನ್ನೆರಡೋ ಹದಿನೈದೋ ಲೀಟರು ಕಪ್ಪು ನೀರು ಉಳಿಯುತ್ತದಂತೆ. ಅದನ್ನು ಕಟ್ಟದಿಂದ ಕೆಳಗೆ ಹೊಳೆಗೆ ಬಿಡುತ್ತಾರೆ. ನಿಮ್ಮ ಪರವಾನಿಗೆಯಲ್ಲಿ ಅದಕ್ಕೆ ‘ಹಿಂದಿರುಗಿಸಿದ ನೀರು’ ಎಂಬ ಸುಂದರ ಹೆಸರಿದೆ. ತೆಗೆದುಕೊಂಡದ್ದರಲ್ಲಿ ಹಿಂದಿರುಗಿಸಿದ್ದನ್ನು ಕಳೆದರೆ ಕಾರ್ಖಾನೆ ನಿಜವಾಗಿ ಬಳಸಿದ ನೀರು ಬಹಳ ಅಲ್ಪ ಎಂದು ನೀವೇ ರುಜುವಾತು ಮಾಡಿದ್ದೀರಿ. ಎಂಥ ಕಳೆಯುವ ಲೆಕ್ಕ! ನಾನು ಅಕ್ಕುವಿನ ಮನೆಯಿಂದ ಒಂದು ಸೇರು ಹಾಲು ತಂದು, ಸಂಜೆ ಒಂದು ಸೇರು ಪಾತ್ರೆ ತೊಳೆದ ನೀರು ಹಿಂದೆ ಕೊಟ್ಟರೆ ನಾನು ಹಾಲೇ ಕುಡಿದಿಲ್ಲ ಎಂದಾಗುತ್ತದೆಯೇ? ನಮ್ಮ ಡೊಮಿನಿಕ್ ಗೇರುಹಣ್ಣು ಕೊಳೆಸಿ ಒಂದು ಮಡಕೆ ಕಾಯಿಸಿದ್ದಕ್ಕೆ ಅಬಕಾರಿಯವರು ಜೀಪಿನಲ್ಲಿ ಬಂದು ಮಡಕೆ ಒಡೆದು ಹೋದರು. ಅವನು ಮಾಡಿದ್ದು ಸರಿ ಎಂದು ಹೇಳುವುದಿಲ್ಲ, ನಾನೇ ಅವನಿಗೆ ಸಾಕಷ್ಟು ಬೈದಿದ್ದೇನೆ. ಆದರೆ ಅವನ ಮಡಕೆಯ ಕೊಳೆ ನಮ್ಮ ಹಿತ್ತಲು ದಾಟಿರಲಿಲ್ಲ.

ಆ ಹಿಂದಿರುಗಿಸಿದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು ಕಳೆದ ವರ್ಷ ನಾನು ಬಸ್ಸು ಹತ್ತಿದೆ, ಮಣಿಪಾಲದಲ್ಲಿ ಪರಿಚಯದವರಿಂದ ಪರೀಕ್ಷೆ ಮಾಡಿಸೋಣ ಎಂದು. ಹಿರಿಯಡ್ಕ ತಲುಪುವುದರೊಳಗೆ ಬಿರಡೆ ತಾನಾಗಿ ಹಾರಿತು. ಬಸ್ಸಿನವರೆಲ್ಲ ಸೆರಗು, ಟವೆಲು ಮೂಗಿಗೆ ಹಿಡಿದರು. ಕಂಡಕ್ಟರು ಬಹಳ ಮರ್ಯಾದೆಯಿಂದ, ಟೀಚರೇ, ನಿಮ್ಮನ್ನು ಇಳಿಸಲು ನನಗೆ ಮನಸ್ಸಿಲ್ಲ, ಆದರೆ ಅದನ್ನು ಇಳಿಸಿ ಎಂದರು. ಹೀಗೆ ವಿಜ್ಞಾನ ಹಿರಿಯಡ್ಕದಲ್ಲಿ ನಿಂತಿತು. ಹೊಳೆ ಸಮುದ್ರ ಸೇರುವ ಕಾಪುವಿನ ಕಡೆ ನನ್ನ ಜೊತೆ ಓದಿದ ಗುಣವತಿ ಎಂಬವರಿದ್ದಾರೆ, ಇಳಿತದ ಹೊತ್ತಿಗೆ ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರಿ ಸಂಸಾರ ನಡೆಸಿದವರು. ಕಳೆದ ಎರಡು ಬೇಸಗೆಯಲ್ಲಿ ಹೆಕ್ಕಿದ ಚಿಪ್ಪುಗಳೆಲ್ಲ ಬಾಯಿ ತೆರೆದೇ ಇದ್ದವಂತೆ, ಒಳಗೆ ಕೆಸರು. ಅವರಿಗೆ ಪರೀಕ್ಷೆ ಮಾಡಿಸುವ ಅಗತ್ಯ ಬೀಳಲಿಲ್ಲ.

ಈಗ ಈ ವರ್ಷಕ್ಕೆ ಬರೋಣ. ಮಳೆ ಬೇಗ ನಿಂತಿತು. ಕಾರ್ಖಾನೆ ಹಗಲಿರುಳು ಕಬ್ಬು ನುರಿಯಿತು. ಫೆಬ್ರವರಿಯ ಕೊನೆಗೆ ಕಟ್ಟದ ನೀರು ಇಳಿದು ಇಳಿದು ಕೆಂಪು ಗೆರೆಗಿಂತ ನಾಲ್ಕೇ ಬೆರಳು ಮೇಲೆ ನಿಂತಿತು. ಪರವಾನಿಗೆಯ ಹನ್ನೊಂದನೇ ಷರತ್ತು ಪಂಪ್ ಹೌಸಿನ ಗೋಡೆಯ ಮೇಲೆಯೇ ಇದೆ: ‘ನೀರು ಕೆಂಪು ಗೆರೆಗಿಂತ ಕೆಳಗೆ ಇಳಿದಲ್ಲಿ ಪಂಪು ನಿಲ್ಲಿಸತಕ್ಕದ್ದು.’ ಕಟ್ಟಕಡೆಯ ನೀರು ಕೆಳಗೆ ಇಳಿಯುವುದುಂಟೇ ಎಂಬ ಧೈರ್ಯದಿಂದ ಬರೆದ ಷರತ್ತು ಅದು. ಈಗ ಇಳಿಯುವ ಲಕ್ಷಣ ಕಂಡಿತು. ನ್ಯಾಯವಾಗಿ ಯಾರಿಗೆ ನೋಟೀಸು ಬರಬೇಕಿತ್ತು? ಬಂದದ್ದು ನಮಗೆ, ಇಪ್ಪತ್ತೇಳನೇ ತಾರೀಕಿಗೆ. ಅದನ್ನು ಅಕ್ಷರ ಬಿಡದೆ ನಕಲು ಮಾಡುತ್ತೇನೆ: ‘ಬೇಸಗೆಯ ಕಟ್ಟಕಡೆಯ ಮಟ್ಟವೇ ಆರು ಅಡಿ ಇರುವುದಾಗಿ ಸ್ಥಳೀಯ ಸಾಕ್ಷಿಯ ಹೇಳಿಕೆಯಿಂದ ರುಜುವಾತಾಗಿರುವುದರಿಂದ, ಸದರಿ ಮಟ್ಟವನ್ನು ಕಾಪಾಡುವ ಸಲುವಾಗಿ ರೈತರು ತೋಡಿನ ತೂಬನ್ನು ಮುಂದಿನ ಆದೇಶದವರೆಗೆ ಮುಚ್ಚತಕ್ಕದ್ದು.’

ಶೀನ ಅದನ್ನು ಓದಿಸಲು ನನ್ನ ಬಳಿ ತಂದ. ನಾನು ಜಗಲಿಯಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ‘ಸ್ಥಳೀಯ ಸಾಕ್ಷಿ’ ಎಂಬಲ್ಲಿಗೆ ಬಂದಾಗ ನೋಟೀಸು ಮಡಚಿ ಎದ್ದೆ. ಚಪ್ಪಲಿ ಕೂಡ ಹಾಕದೆ ಸೇತುವೆಗೆ ಹೋದೆ. ಆರು ವರ್ಷದಲ್ಲಿ ಮೊದಲ ಸಲ ಆ ಕಂಬವನ್ನು ಅಕ್ಷರ ಅಕ್ಷರವಾಗಿ ಓದಿದೆ. ‘ದ’ ಇರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತೆ, ಹೇಳಲು ನಾಚಿಕೆಯೇನಿಲ್ಲ. ಹಿಂದೆಯೇ ಬಂದ ಶೀನನಿಗೆ ಎಲ್ಲವನ್ನೂ ಹೇಳಿದೆ, ತಪ್ಪು ನನ್ನದು ಎಂದೆ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ನಮಗಿಲ್ಲದ ನೀರನ್ನು ನಾವು ಎಂತಕ್ಕೆ ಕಟ್ಟಿ ನಿಲ್ಲಿಸುವುದು ಟೀಚರ್?” ಎಂದ.

ಮಾನ್ಯರೇ, ಈ ಪ್ರಶ್ನೆಗೆ ನಿಮ್ಮ ಇಡೀ ಕಛೇರಿಯಲ್ಲಿ ಉತ್ತರ ಇದೆಯೇ? ಮೂವತ್ತೆರಡು ಮನೆಯವರು ಸೊಂಟದವರೆಗೆ ನೀರಿನಲ್ಲಿ ನಿಂತು ಮಣ್ಣು ತುಳಿಯಬೇಕು. ಸೋರಿದಲ್ಲಿ ಮುಚ್ಚಬೇಕು. ಆ ನೀರು ಕಾರ್ಖಾನೆಯ ಕೊಳವೆಗೆ ಹೋಗಬೇಕು. ತಮ್ಮ ಕೊಳಕೆ ಪೈರು ಬಾಡುವುದನ್ನು ಅವರು ಬದುವಿನ ಮೇಲೆ ನಿಂತು ನೋಡಬೇಕು. ನಮ್ಮ ಬೆವರಿನಿಂದ ಏರಿದ ಮಟ್ಟಕ್ಕೆ ನಿಮ್ಮ ಕಡತದಲ್ಲಿ ‘ಹೊಳೆಯ ಹೆಚ್ಚುವರಿ’ ಎಂದು ಹೆಸರು. ಇದಕ್ಕಿಂತ ದೊಡ್ಡ ವ್ಯಾಕರಣ ದೋಷವನ್ನು ನಾನು ನನ್ನ ಸೇವೆಯಲ್ಲಿ ಕಂಡಿಲ್ಲ.

ಮಾರ್ಚ್ ಐದನೇ ತಾರೀಕು ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಎಲ್ಲರೂ ನೋಡುತ್ತಿರುವಂತೆ ಊರಿನವರು ಕಟ್ಟದ ನಡುವಿನ ಆರು ಮಾರು ಬಿಚ್ಚಿದರು. ಮೊದಲ ಹಾರೆ ಹಾಕಿದವನು ಶೀನ. ತಾನೇ ತುಳಿದ ಮಣ್ಣು ಅಷ್ಟು ಸುಲಭಕ್ಕೆ ಬಿಡಲಿಲ್ಲ, ಎರಡು ಸಲ ಹಾರೆ ಜಾರಿತು. ಎರಡನೆಯ ಹಾರೆ ನನ್ನದು. ಐವತ್ತೊಂಬತ್ತು ವರ್ಷದ ಹೆಂಗಸಿನ ಹಾರೆಯಿಂದ ಎಷ್ಟು ಮಣ್ಣು ಎದ್ದೀತು, ಆದರೆ ಎದ್ದಿತು. ಹತ್ತೂವರೆಗೆ ನೀರು ಕೆಂಪು ಗೆರೆ ಬಿಟ್ಟು ಇಳಿಯಿತು. ಹನ್ನೊಂದೂವರೆಗೆ ಶೀನ ಕಂಬದ ಬುಡದಲ್ಲಿ ಹೋಗಿ ನಿಂತ, ನೀರು ಅವನ ಮೊಣಕಾಲಿನವರೆಗೆ ಇತ್ತು. ಬೇಸಗೆಯಲ್ಲಿ ನಮ್ಮ ಹೊಳೆಯ ನಿಜವಾದ ಮಟ್ಟ ಅದು. ಏಪ್ರಿಲಿನಲ್ಲಿ ಅದೂ ಇರುವುದಿಲ್ಲ. ಕಾರ್ಖಾನೆಯ ಪಂಪು ಗಾಳಿ ಎಳೆದು ಸ್ವಲ್ಪ ಹೊತ್ತು ಊಳಿಟ್ಟು ನಿಂತುಹೋಯಿತು. ಹನ್ನೊಂದನೇ ಷರತ್ತನ್ನು ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಪಾಲಿಸಿದರು. ನೀವು ಪಾಲಿಸಿದ್ದಲ್ಲ, ಪಂಪೇ ಪಾಲಿಸಿದ್ದು.

ಮೂರು ಪತ್ರಕ್ಕೆ ಬಾರದ ನೀವು ಅಂದು ಮಧ್ಯಾಹ್ನ ಒಂದು ಗಂಟೆಗೆಲ್ಲ ಬಂದಿರಿ. ಉಡುಪಿಯಿಂದ ನಮ್ಮೂರಿಗೆ ಜೀಪು ಇಷ್ಟು ಬೇಗ ಬರುತ್ತದೆ ಎಂದು ನಮಗೆ ಗೊತ್ತೇ ಇರಲಿಲ್ಲ. ಕಟ್ಟ ಒಡೆದವರು ಯಾರು ಎಂದು ಗದರಿದಿರಿ. ಆಗ ಅಕ್ಕು ಮನೆಯಿಂದ ತಗಡಿನ ಪೆಟ್ಟಿಗೆ ತಂದಳು. ಡಿಕ್ಲರೇಶನಿನ ಕಾಗದದ ಜೊತೆಗೆ ಮಡಚಿಟ್ಟಿದ್ದ ಒಂದು ಹಳೆಯ ಹಾಳೆಯನ್ನು ಶೀನ ನಿಮ್ಮ ಕೈಗೆ ಕೊಟ್ಟ, ನೆನಪಿದೆಯಲ್ಲ? ಎಪ್ಪತ್ತಾರನೇ ಇಸವಿಯಲ್ಲಿ ನಿಮ್ಮದೇ ಕಛೇರಿ ಕಳಿಸಿದ ನೋಟೀಸು ಅದು. ಹೊಳೆಗೆ ಅಡ್ಡವಾಗಿ ಹಾಕಿದ ಅನಧಿಕೃತ ಅಡ್ಡಗಟ್ಟೆಯನ್ನು ಹದಿನೈದು ದಿನದೊಳಗೆ ತೆಗೆಯತಕ್ಕದ್ದು ಎಂದು ಅದರಲ್ಲಿತ್ತು. ಆಗ ಎಲ್ಲರಿಗೂ ಎಲ್ಲದಕ್ಕೂ ನೋಟೀಸು ಬರುತ್ತಿದ್ದ ಕಾಲ, ನಾವು ಹೆದರಿ ಸುಮ್ಮನಿದ್ದೆವು, ನೀವೂ ಮರೆತಿರಿ. ಶೀನನ ಕನ್ನಡ ಈಗ ಸುಧಾರಿಸಿದೆ.

“ಒಡೆದದ್ದಲ್ಲ ಸಾರ್. ತೆಗೆಯಲಿಕ್ಕೆ ನೀವೇ ಹೇಳಿದ್ದು, ತೆಗೆದೆವು. ಎಂಟು ವರ್ಷ ತಡವಾಯಿತು” ಎಂದ.

ನೀವು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದಿರಿ, ಮುದ್ರೆ ನಿಮ್ಮದೇ ಆಗಿತ್ತು. ಅದನ್ನು ಶೀನನ ಕೈಗೇ ಹಿಂದೆ ಕೊಟ್ಟು ಜೀಪು ಹತ್ತಿದಿರಿ. ಒಂಬತ್ತನೇ ತಾರೀಕಿಗೆ ಹೊಸ ನೋಟೀಸು ಬಂತು: ‘ಸಾರ್ವಜನಿಕ ಉಪಯೋಗದ ಕಟ್ಟವನ್ನು’ ಹದಿನಾರರೊಳಗೆ ಸ್ವಂತ ಖರ್ಚಿನಿಂದ ಮೊದಲಿನಂತೆ ಮಾಡತಕ್ಕದ್ದು, ತಪ್ಪಿದಲ್ಲಿ ಶೀನ ಪೂಜಾರಿಯ ಮೇಲೆ ಕ್ರಮ. ಕಟ್ಟಿದರೆ ಅನಧಿಕೃತ, ಬಿಚ್ಚಿದರೆ ಅಪರಾಧ. ಒಂದೇ ಕಟ್ಟ ಎಂಟು ವರ್ಷದಲ್ಲಿ ಅಡ್ಡಗಟ್ಟೆಯಿಂದ ಸಾರ್ವಜನಿಕ ಆಸ್ತಿಯಾಗಿ ಬಡ್ತಿ ಪಡೆಯಿತು. ನಡುವೆ ಆದದ್ದು ಇಷ್ಟೇ, ಅದರ ನೀರು ಕುಡಿಯುವವರು ಬದಲಾದರು. ಒಂದು ಸಣ್ಣ ಸಂತೋಷ ಮಾತ್ರ ಉಂಟು: ಆ ನೋಟೀಸಿನಲ್ಲಿ ನೀವೇ ನಿಮ್ಮ ಕೈಯಾರೆ ‘ಕಟ್ಟ’ ಎಂದು ಬರೆದಿದ್ದೀರಿ. ಹಾಗಾದರೆ ಕಟ್ಟ ಎಂಬುದೊಂದು ಇದೆ ಎಂದು ಒಪ್ಪಿದಂತಾಯಿತು. ಅಲ್ಲಿ ನಿಂತ ನೀರು ಕಟ್ಟದ್ದು ಎಂದು ಒಪ್ಪಲು ಇನ್ನೆಷ್ಟು ದೂರ?

ಇದರಿಂದ ಶೀನನಿಗೆ ಲಾಭವಾಯಿತು ಎಂದು ಯಾರಾದರೂ ತಿಳಿದಿದ್ದರೆ ಅವನ ಗದ್ದೆಗೆ ಬಂದು ನೋಡಲಿ. ಪೈರಿನ ಎಲೆ ಸುರುಳಿಯಾಗಿದೆ, ಮಣ್ಣು ಬಿರಿದು ಬೆರಳು ಹೋಗುವಷ್ಟಾಗಿದೆ. ಇನ್ನು ನಾಲ್ಕೈದು ದಿನ ತಡೆದೀತು, ಆಮೇಲೆ ನೀರು ಬಂದರೂ ಪ್ರಯೋಜನವಿಲ್ಲ ಎಂದು ಅವನೇ ಹೇಳುತ್ತಾನೆ. ಅಕ್ಕು ಬಾವಿಯಿಂದ ಕೊಡದಲ್ಲಿ ಹೊತ್ತು ಗದ್ದೆಯ ಒಂದು ಮೂಲೆಗೆ ಮಾತ್ರ ನೀರು ಹಾಕುತ್ತಿದ್ದಾಳೆ, ಬೀಜಕ್ಕಾದರೂ ಇರಲಿ ಎಂದು. ಅವಳ ಭುಜ ಕೊಡದ ಅಂಚಿಗೆ ಕೆಂಪಾಗಿರುವುದನ್ನು ನಾನು ನೋಡಿದ್ದೇನೆ. ಕಟ್ಟವನ್ನು ಮುಚ್ಚಿಬಿಡೋಣ, ಪೈರು ಉಳಿಯಲಿ, ಆಮೇಲೆ ಜಗಳ ಮಾಡೋಣ ಎಂದು ನಾನೇ ಹೇಳಿದೆ. ತಪ್ಪು ಮಾಡಿದವರಿಗೆ ಧೈರ್ಯ ಕಡಿಮೆ. ಅಕ್ಕು ಒಪ್ಪಲಿಲ್ಲ. ಮುಚ್ಚಿದರೆ ನೀರು ಗೆರೆಯವರೆಗೆ ಏರುತ್ತದೆ, ಏರಿದರೆ ನಿಮ್ಮ ಲೆಕ್ಕ ಸರಿ ಎಂದಾಗುತ್ತದೆ, ತೂಬು ಹೇಗೂ ಮುಚ್ಚಿಯೇ ಇರುತ್ತದೆ ಎಂದಳು. ಅವಳು ಎರಡನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು. ನಿಮ್ಮ ಕಛೇರಿಯಲ್ಲಿ ಪದವೀಧರರು ಎಷ್ಟು ಮಂದಿ ಇದ್ದಾರೆ?

ಆದ್ದರಿಂದ ನಮ್ಮ ಬೇಡಿಕೆ. ಬೇಡಿಕೆ ಎಂಬ ಪದ ಬೇಡುವುದರಿಂದ ಬಂದಿದೆ, ಆದರೆ ಈ ಸಲ ಅದನ್ನು ನಿಂತುಕೊಂಡೇ ಹೇಳುತ್ತಿದ್ದೇವೆ. ಕೆಂಪು ಗೆರೆಯನ್ನು ಅಳಿಸಬೇಡಿ. ಗೆರೆ ಸುಳ್ಳು ಹೇಳಿಲ್ಲ, ಅದರ ಹೆಸರು ಸುಳ್ಳು. ಮಹಜರಿನಲ್ಲೂ ಕಂಬದಲ್ಲೂ ಬಿಟ್ಟುಹೋದ ‘ದ’ವನ್ನು ಸೇರಿಸಿ. ಹೊಳೆಯ ನಿಜವಾದ ಬೇಸಗೆಯ ಮಟ್ಟ ಶೀನನ ಮೊಣಕಾಲು ಎಂದು ಅಳೆದು ಬರೆದುಕೊಳ್ಳಿ, ಆ ಲೆಕ್ಕದ ಮೇಲೆ ಪರವಾನಿಗೆಯನ್ನು ಹೊಸದಾಗಿ ಮಾಡಿ. ಕಾರ್ಖಾನೆಯವರು ಮಳೆಗಾಲದಲ್ಲಿ ಬೇಕಾದಷ್ಟು ಹಿಡಿದುಕೊಳ್ಳಲಿ, ಕೊಳ ತೋಡಲಿ, ಹಬೆಯನ್ನು ತಣಿಸಲಿ, ಕಪ್ಪು ನೀರನ್ನು ತಮ್ಮ ಬೇಲಿಯೊಳಗೇ ಇಟ್ಟುಕೊಳ್ಳಲಿ. ಕಟ್ಟ ಎದ್ದ ದಿನದಿಂದ ಬಿಚ್ಚುವ ದಿನದವರೆಗೆ ಕಟ್ಟದ ನೀರು ಮುಟ್ಟುವ ಹಕ್ಕು ಅದನ್ನು ತುಳಿದವರಿಗೆ ಮಾತ್ರ. ತೂಬು ಮುಚ್ಚುವ ಆದೇಶವನ್ನೂ ಶೀನನ ಮೇಲಿನ ನೋಟೀಸನ್ನೂ ಹಿಂದೆ ತೆಗೆದುಕೊಳ್ಳಿ. ನೀವು ಇಷ್ಟಕ್ಕೆ ಸಹಿ ಹಾಕಿದ ಗಳಿಗೆಯಲ್ಲೇ ಮೂವತ್ತೆರಡು ಮನೆಯವರು ಹೊಳೆಗೆ ಇಳಿಯುತ್ತಾರೆ. ಒಂದು ಹಗಲಿನಲ್ಲಿ ಆರು ಮಾರು ಮುಚ್ಚಬಹುದು ಎಂದು ಗುರಿಕಾರ ಹೇಳಿದ್ದಾನೆ, ಮಡಲು ಈಗಾಗಲೇ ದಡದಲ್ಲಿ ರಾಶಿ ಬಿದ್ದಿದೆ.

ನಮ್ಮವರಿಗೆ ಇದು ಈಸ್ಟರಿಗೆ ಮೊದಲಿನ ತಪಸ್ಸಿನ ಕಾಲ. ನನ್ನ ತಪ್ಪನ್ನು ಪಾದ್ರಿಯವರಲ್ಲಿ ಹೇಳಿಕೊಂಡೆ. ಅವರು ಪೂರ್ತಿ ಕೇಳಿ, ದೇವರು ಕ್ಷಮಿಸುತ್ತಾನೆ, ಆದರೆ ಮಹಜರು ತಿದ್ದುವ ಅಧಿಕಾರ ನನಗಿಲ್ಲ ಎಂದರು. ಅದು ನಿಮಗಿದೆ. ಬರುವ ಗುರುವಾರ, ಮಾರ್ಚ್ ಹದಿನೈದು, ಬೆಳಿಗ್ಗೆ ಹನ್ನೊಂದಕ್ಕೆ ಸೇತುವೆಯ ಬಳಿ ನಾವು ಇರುತ್ತೇವೆ. ದಾರಿ ಗೊತ್ತಿದೆ, ಜೀಪಿನ ವೇಗವೂ ನಮಗೆ ಗೊತ್ತಿದೆ. ನೀವು ಬಾರದಿದ್ದರೆ ನಾನೇ ಹೊಳೆಗೆ ಇಳಿಯುತ್ತೇನೆ. ಕೆಂಪು ಬಣ್ಣದ ಡಬ್ಬಿಯನ್ನು ಡೊಮಿನಿಕ್ ಕಾರ್ಕಳದಿಂದ ತಂದಿಟ್ಟಿದ್ದಾನೆ, ಏಣಿಯನ್ನು ಶೀನ ಹಿಡಿಯುತ್ತಾನೆ. ಕಂಬದ ಮೇಲೆ ‘ಟ್ಟ’ಕ್ಕೂ ‘ಕ’ಕ್ಕೂ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ ಇದೆ, ನೋಡಿ ಬಂದಿದ್ದೇನೆ. ಒಂದು ‘ದ’ ಬರೆಯಲು ಅಷ್ಟು ಸಾಕು.

ಸರ್ಕಾರದ ಬರಹವನ್ನು ತಿದ್ದುವುದು ಅಪರಾಧ ಎಂದು ನನಗೆ ಗೊತ್ತು. ಹಾಗಾದರೆ ಶೀನನ ಹೆಸರಿನ ಕೆಳಗೆ ಎರಡನೆಯ ಆರೋಪಿ ಎಂದು ನನ್ನ ಹೆಸರು ಬರೆಯಿರಿ. ಬರೆಯುವಾಗ ಮಾತ್ರ ದಯವಿಟ್ಟು ಅಕ್ಷರ ಬಿಡಬೇಡಿ.

ಇಂತಿ,
ಓದದೆ ಸಹಿ ಹಾಕಿದ, ಇನ್ನು ಮುಂದೆ ಹಾಗೆ ಮಾಡದ,
ನಿಮ್ಮ ಕಡತದ ಸಾಕ್ಷಿ ನಂಬ್ರ ಒಂದು,
ಲಿಡ್ವಿನ್ ಮಥಾಯಸ್
ನಿವೃತ್ತ ಕನ್ನಡ ಅಧ್ಯಾಪಿಕೆ
ಕುಕ್ಕುಂದೂರು ಅಂಚೆ, ಕಾರ್ಕಳ ತಾಲೂಕು
೧೧ ಮಾರ್ಚ್ ೧೯೮೪